ಹಿಮ ಕಾಣದ ಕೋಟು

ಬ್ಯಾಂಕಿನ ಸಾಲ ವಿಭಾಗದ ಮೇಡಂಗೆ ಹರೆಯದಲ್ಲಿ ಹೊರದೇಶಕ್ಕೆ ಹೋಗಿ ಫೈನಾನ್ಸ್ ಮಾಸ್ಟರ್ಸ್ ಓದುವ ಹುಚ್ಚು. ಸೀಟು ಸಿಗುವ ಮೊದಲೇ ಅಲ್ಲಿನ ಚಳಿಗೆಂದು ಉಣ್ಣೆ ಕೋಟು ಕೊಂಡಿದ್ದರು. ಸುಡುಬೇಸಿಗೆಯಲ್ಲಿ ಕನ್ನಡಿ ಮುಂದೆ ಅದನ್ನು ತೊಟ್ಟು ಬೆವರಿದ್ದೇ ಬೆವರಿದ್ದು! "ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದು ಅಣ್ಣ ನಕ್ಕಿದ್ದ.

ಸೀಟೇನೋ ಸಿಕ್ಕಿತು. ಆದರೆ ಮೊದಲು ಕೆಲಸದ ಅನುಭವ ಆಗಲಿ ಎಂದು ತಾವೇ ಮುಂದೂಡಿದರು. ಆಮೇಲೆ ಬಡ್ತಿ, ಮದುವೆ, ಬಾಣಂತನ. ಕೋಟು ಹಿಮ ಕಾಣಲೇ ಇಲ್ಲ. ಅವರ ನೆತ್ತಿಯ ಮೇಲೇ ಇದ್ದ ಆಫೀಸಿನ ಏಸಿಗೆ ಮೈಯೊಡ್ಡಿ ತೋಳು ಸವೆಸಿಕೊಂಡಿತು.

ಮೊನ್ನೆ ಮಗಳು ಬ್ಯಾಂಕಿಗೇ ಬಂದಳು. ಅವಳಿಗೂ ಅದೇ ಓದಿಗೆ ಸೀಟು ಸಿಕ್ಕಿದೆ.

"ಏನವಸರ ಅಮ್ಮಾ, ಮುಂದಿನ ವರ್ಷ ಹೋದ್ರಾಯ್ತು ಬಿಡು."

ಅಮ್ಮ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದರು.

"ಇದಕ್ಕೂ ನಾನು ವರ್ಷಾ ವರ್ಷಾ ಹಾಗೇ ಹೇಳ್ತಿದ್ದೆ ಕಣೇ."