ಕೆಲಸ ಬಿಟ್ಟ ಕಾರಣ: ಯುದ್ಧ ಮುಗಿಯಿತು

ದುಬೈನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಕನ್ನಡದವರ ನಡುವೆ ನನಗಿರುವ ಒಂದೇ ಕೀರ್ತಿ ಸಿವಿ ಬರೆದುಕೊಡುವುದು. ಜೆಬೆಲ್ ಅಲಿಯ ಗೋದಾಮು ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಕಾಗದಪತ್ರ ನೋಡಿಕೊಂಡಿದ್ದೇ ಇದಕ್ಕೆ ಅರ್ಹತೆ. ಯಾರಿಗೆ ಕೆಲಸ ಹೋದರೂ ಶನಿವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುತ್ತಾರೆ. ಹೆಂಡತಿ ಕಾಫಿಗೆ ಹಾಲಿಡುತ್ತಾಳೆ, ನಾನು ಬಂದವರಿಗಿಂತ ಮೊದಲೇ ಗಾಬರಿಯಾಗುತ್ತೇನೆ. ಇನ್ನೊಬ್ಬರ ನಿರುದ್ಯೋಗವನ್ನು ನನ್ನಷ್ಟು ಶ್ರದ್ಧೆಯಿಂದ ಅನುಭವಿಸುವವರು ಈ ಊರಿನಲ್ಲಿ ಇರಲಾರರು.

ಹಾಗೆ ಬಂದವರಲ್ಲಿ ಒಬ್ಬರು ಅಡುಗೆಯವರು. ಕುಂದಾಪುರದ ಕಡೆಯ ಕೊಂಕಣಿ ಕ್ರಿಶ್ಚಿಯನ್, ವಯಸ್ಸು ಐವತ್ತನಾಲ್ಕು, ಎಡಗಿವಿ ಸ್ವಲ್ಪ ಮಂದ. ಕರಾಮಾದಲ್ಲಿ ಅವರಿದ್ದ ಹೋಟೆಲು ಮುಚ್ಚಿ, ವೀಸಾ ಕ್ಯಾನ್ಸಲ್ ಆಗಿತ್ತು. ಇನ್ನು ಹತ್ತೊಂಬತ್ತು ದಿನದಲ್ಲಿ ಬೇರೆ ಕೆಲಸ ಹಿಡಿಯದಿದ್ದರೆ ದೇಶ ಬಿಡಬೇಕು. ಅಬುಧಾಬಿಯ ದೊಡ್ಡ ಹೋಟೆಲೊಂದರಲ್ಲಿ ಮದುವೆ, ಪಾರ್ಟಿಗಳ ಅಡುಗೆಗೆ ಅನುಭವಸ್ಥರು ಬೇಕಾಗಿದ್ದಾರೆಂದು ಅವರಿಗೆ ಯಾರೋ ಹೇಳಿದ್ದರು.

"ಇದೊಂದು ಆಗ್ಬೇಕು ಮಾರಾಯ್ರೆ. ಇಲ್ಲದಿದ್ರೆ ಪುನಃ ಕ್ಯಾಂಪಿಗೇ ಹೋಗ್ಬೇಕಾಗ್ತದೆ. ಹೆಂಡ್ತಿಗೆ ಮಾತು ಕೊಟ್ಟಾಗಿದೆ, ಇನ್ನು ಕ್ಯಾಂಪ್ ಖಲಾಸ್ ಅಂತ."

"ಯಾವ ಕ್ಯಾಂಪು? ಸೋನಾಪುರದ್ದಾ?" ಎಂದೆ. ನನ್ನ ತಲೆಯಲ್ಲಿದ್ದದ್ದು ಕೂಲಿಕಾರರ ವಸತಿ.

ಅವರು ನಕ್ಕು ಪ್ಲಾಸ್ಟಿಕ್ ಕವರಿನಿಂದ ಒಂದು ಕಟ್ಟು ಪ್ರಮಾಣಪತ್ರ ತೆಗೆದು ನಮ್ಮ ಊಟದ ಮೇಜಿನ ಮೇಲೆ ಹರವಿದರು. ಪ್ರತಿಯೊಂದರ ಮೇಲೂ ಹದ್ದು, ಬಾವುಟ, ಯಾರೋ ಕರ್ನಲ್ಲನ ಸಹಿ. ಅವರು ಹೇಳುತ್ತಿದ್ದ ಕ್ಯಾಂಪು ಅಮೆರಿಕದ ಸೇನೆಯದು. ಗುತ್ತಿಗೆದಾರರ ಮೂಲಕ ಹದಿನೆಂಟು ವರ್ಷ ಅವರು ಆ ಸೇನೆಗೆ ಬೇಯಿಸಿ ಹಾಕಿದ್ದರು. ಮೊದಲು ಕುವೈತಿನ ಮರಳುಗಾಡು, ಆಮೇಲೆ ಇರಾಕಿನಲ್ಲಿ ಮೂರು ಕಡೆ, ಅಫ್ಘಾನಿಸ್ತಾನದಲ್ಲಿ ಎರಡು ಕಡೆ, ಮತ್ತೆ ಇರಾಕು.

ನನ್ನ ನಮೂನೆಯಲ್ಲಿ ಪ್ರತಿ ಕೆಲಸದ ಎದುರಿಗೂ "ಬಿಟ್ಟ ಕಾರಣ" ಎಂಬ ಒಂದು ಅಂಕಣವಿದೆ.

"ಎಂತ ಬರೆಯುವುದು? ಯುದ್ಧ ಮುಗೀತು ಅಂತ ಬರೀರಿ."

"ಮುಗೀತಾ?"

"ಅವರಿಗೆ ಮುಗೀತು."

ಅಮೆರಿಕದ ಯುದ್ಧಗಳು ನನಗೂ ಹೊಸವಲ್ಲ. ಹದಿಹರೆಯದಲ್ಲಿ, ಬಾಗ್ದಾದಿನ ಮೇಲೆ ಬಾಂಬು ಬೀಳುವುದನ್ನು ಮೈಸೂರಿನ ಟಿವಿ ಅಂಗಡಿಯೊಂದರ ಗಾಜಿನ ಹೊರಗೆ ನಿಂತು ನೋಡಿ, ಪೆಟ್ರೋಲು ತುಟ್ಟಿಯಾಗುತ್ತದಲ್ಲ ಎಂದು ಕೊರಗಿದವನು ನಾನು. ಆಗ ನನ್ನ ಬಳಿ ಇದ್ದದ್ದು ಸೈಕಲ್ಲು. ಆಮೇಲಿನದ್ದೆಲ್ಲ ಒಂದರ ಮೇಲೊಂದು ಟಿವಿಯಲ್ಲಿ ಬಂದು ಹೋಯಿತು. ಎಷ್ಟನೆಯದು ಯಾವುದು, ಯಾವುದಕ್ಕೆ ಏನು ಕಾರಣ ಹೇಳಿದ್ದರು ಎಂಬುದು ಈಗ ಕಲಸಿಹೋಗಿದೆ. ಚಿಂತೆ ಮಾತ್ರ ಪ್ರತಿ ಸಲವೂ ತಪ್ಪದೆ ಮಾಡಿದ್ದೇನೆ.

ಅವರ ಲೆಕ್ಕ ಬೇರೆ ಥರದ್ದು. "ಸೇನೆ ಹೆಚ್ಚಾಗ್ತದಾ ಕಡಿಮೆ ಆಗ್ತದಾ ಅಂತ ಪೇಪರಿನವರಿಗಿಂತ ಮೊದಲು ನಮಗೆ ಗೊತ್ತಾಗ್ತದೆ. ಮೊಟ್ಟೆ ನೋಡ್ಬೇಕು. ಮೊಟ್ಟೆಯ ಆರ್ಡರ್ ಇಳೀತು ಅಂದ್ರೆ ಗಂಟು ಕಟ್ಲಿಕ್ಕೆ ಶುರು ಮಾಡಿದ್ರು ಅಂತಲೇ. ಬರುವಾಗ ಒಂದು ಮಾತು ಹೇಳ್ತಾರೆ, ಹೋಗುವಾಗ ಇನ್ನೊಂದು. ಮೆನು ಮಾತ್ರ ಎಲ್ಲ ದೇಶದಲ್ಲೂ ಅದೇ. ನವೆಂಬರಿನಲ್ಲಿ ಅವರ ಹಬ್ಬಕ್ಕೆ ಟರ್ಕಿ ಕೋಳಿ, ಐವತ್ತು ಡಿಗ್ರಿಯಲ್ಲಿ ನಾಲ್ಕು ಬಗೆ ಐಸ್‌ಕ್ರೀಮು."

"ಅಲ್ಲಿಯ ಜನ?" ಎಂದಳು ಕಾಫಿ ತಂದ ಹೆಂಡತಿ.

"ಪಾತ್ರೆ ತೊಳೀಲಿಕ್ಕೆ ಬರ್ತಿದ್ರು ಅಕ್ಕ. ಇರಾಕಿನಲ್ಲಿ ಒಬ್ಬರು ಮೇಷ್ಟ್ರಿದ್ರು, ಶಾಲೆ ಬಿದ್ದುಹೋಗಿತ್ತು. ಅವರ ಊರೇ ಅದು. ಆದ್ರೂ ಗೇಟಿನಲ್ಲಿ ದಿನಾ ಒಂದು ಗಂಟೆ ಅವರ ಮೈ ತಡವಿ ನೋಡುವುದು. ನಾನು ಕುಂದಾಪುರದವ, ನನಗೆ ಬ್ಯಾಡ್ಜ್ ಉಂಟು, ಸೀದಾ ಒಳಗೆ. ಒಂದು ದಿನ ಅವರು ಬರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ."

ಅವರು ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಆಮೇಲೆ ನಾನೊಬ್ಬನೇ ಕುಳಿತು ಬರೆಯುವಾಗ ನನ್ನ ರೋಗ ಶುರುವಾಯಿತು. ಅರಬ್ಬರ ದೇಶದ ಹೋಟೆಲು. ಇರಾಕಿನಲ್ಲಿ ಅಮೆರಿಕದ ಸೇನೆಗೆ ಅಡುಗೆ ಮಾಡಿದವರೆಂದು ಓದಿದರೆ ಏನಂದುಕೊಂಡಾರು? ಮಾಲೀಕರು ಎಲ್ಲಿಯವರೋ, ಮ್ಯಾನೇಜರ್ ಯಾರ ಕಡೆಯವರೋ. ಹೋದ ವರ್ಷವಷ್ಟೇ ಅಕ್ಕಪಕ್ಕದ ದೇಶಗಳ ಆಕಾಶದಲ್ಲಿ ಕ್ಷಿಪಣಿಗಳು ಹಾರಿ ವಿಮಾನಗಳು ನಿಂತಿದ್ದವು. ಆಗ ನಾನು ತಂದಿಟ್ಟ ಮೂರು ಮೂಟೆ ಅಕ್ಕಿಯಲ್ಲಿ ಒಂದಕ್ಕೆ ಆಗಲೇ ಹುಳ ಬಿದ್ದಿತ್ತು. ಯೋಚಿಸಿ ಯೋಚಿಸಿ ಕೊನೆಗೆ ಕ್ಯಾಂಪುಗಳ ಹೆಸರೆಲ್ಲ ತೆಗೆದುಹಾಕಿದೆ. ಹದಿನೆಂಟು ವರ್ಷಗಳನ್ನೂ ಒಟ್ಟುಗೂಡಿಸಿ "ದೂರಪ್ರದೇಶದ ತೈಲ ಘಟಕಗಳಲ್ಲಿ ಕೇಟರಿಂಗ್, ಗಲ್ಫ್ ವಲಯ" ಎಂದು ಒಂದೇ ಸಾಲು ಬರೆದೆ. ಎರಡು ಮೂರು ಯುದ್ಧಗಳನ್ನು ಒಂದು ಸಾಲಿನಲ್ಲಿ ಅಳಿಸಿದ್ದೆ.

ಹಿಂದಿನಿಂದ ಬಗ್ಗಿ ಓದಿದ ಮಗಳು, "ಡ್ಯಾಡ್, ದಟ್ಸ್ ಲೈಯಿಂಗ್" ಎಂದಳು.

"ಇದಕ್ಕೆ ಎಡಿಟಿಂಗ್ ಅಂತಾರೆ ಕಣೇ."

"ವಾಟೆವರ್."

ಮರುದಿನ ಬಂದ ಅಡುಗೆಯವರು ಅದನ್ನು ಎರಡು ಸಲ ಓದಿ ನೋಡಿದರು. "ತೈಲ ಘಟಕ ನಾನು ನೋಡಿಯೇ ಇಲ್ಲ. ಇರ್ಲಿ, ನೀವು ತಿಳಿದವರು" ಎಂದರು.

ಇಂಟರ್‌ವ್ಯೂ ದಿನ ಬಸ್ಸು ತಡವಾದರೆ ಎಂಬ ಹೆದರಿಕೆಗೆ ಅರ್ಧ ದಿನ ರಜೆ ಹಾಕಿ ನಾನೇ ಅವರನ್ನು ಅಬುಧಾಬಿಗೆ ಕರೆದುಕೊಂಡು ಹೋದೆ. ಲಾಬಿಯಲ್ಲಿ ಕುಳಿತು ಅವರ ಬದಲಿಗೆ ಬೆವರಿದೆ. ಇಪ್ಪತ್ತು ನಿಮಿಷಕ್ಕೇ ಅವರು ಹೊರಗೆ ಬಂದರು. ಕಾರು ಹೆದ್ದಾರಿಗೆ ಬಂದ ಮೇಲೆ ಹೇಳಿದರು.

"ದೊಡ್ಡ ಶೆಫ್ ಬೈರೂತಿನವ. ಒಳ್ಳೆ ಮನುಷ್ಯ. ಯಾವ ತೈಲ ಘಟಕ, ಯಾವ ಕಂಪನಿ ಅಂತ ಕೇಳಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ."

"ಅದಕ್ಕೆ?"

"ಅವ ಜೋರು ನಗಾಡಿದ. ರಾಕೆಟ್ ಬೀಳುವಾಗ ನಾಲ್ಕು ಸಾವಿರ ಜನಕ್ಕೆ ಬಡಿಸಿದವನಿಗೆ ಮದುವೆ ಊಟ ಎಂತ ಕಷ್ಟ, ಇದನ್ನು ಮೊದಲೇ ಬರೀಬಾರದಿತ್ತಾ ಅಂತ. ಆದ್ರೆ ಪಕ್ಕದಲ್ಲಿ ಆಫೀಸಿನ ಹೆಂಗಸು ಇದ್ಲು. ಕಾಗದ ಒಂದು ಹೇಳ್ತದೆ, ಬಾಯಿ ಒಂದು ಹೇಳ್ತದೆ, ಇಂಥವರಿಗೆ ಸೆಕ್ಯೂರಿಟಿ ಪಾಸ್ ಮಾಡ್ಸಲಿಕ್ಕೆ ಆಗುದಿಲ್ಲ ಅಂದ್ಲು. ಮತ್ತೆಂತ, ಮಾಫಿ ಕೆಲಸ, ಕೆಲಸ ಇಲ್ಲ."

ನನಗೆ ಸ್ಟೀರಿಂಗ್ ಮೇಲೆ ಹಣೆ ಚಚ್ಚಿಕೊಳ್ಳಬೇಕೆನಿಸಿತು, ಗಂಟೆಗೆ ನೂರಿಪ್ಪತ್ತರ ವೇಗದಲ್ಲಿ ಅದು ಸಾಧ್ಯವಿರಲಿಲ್ಲ. "ತಪ್ಪು ನನ್ನದು" ಎಂದೆ.

"ಬಿಡಿ, ನೀವು ಒಳ್ಳೇದಕ್ಕೇ ಮಾಡಿದ್ದು" ಎಂದರು. ಅಮೆರಿಕದವರೂ ಹೋದಲ್ಲೆಲ್ಲ ಇದನ್ನೇ ಹೇಳಿರಬೇಕು.

ತಪ್ಪು ಸಿವಿ ಬರೆದವನು ನಾನೆಂದು ಆ ಹೋಟೆಲಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ನಿಜದ ಸಿವಿಯನ್ನು ಬೇರೆ ಹನ್ನೊಂದು ಕಡೆ ಕಳಿಸಿದೆ. ಅಷ್ಟರಲ್ಲಿ ಹತ್ತೊಂಬತ್ತು ದಿನ ಐದಕ್ಕೆ ಇಳಿದಿತ್ತು. ಆ ಶನಿವಾರ ಅವರು ಮತ್ತೆ ಬಂದರು, ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು. ಹಳೆಯ ಏಜೆಂಟ್ ಫೋನ್ ಮಾಡಿದ್ದನಂತೆ, ಅಮೆರಿಕದ ಸೇನೆ ಎಲ್ಲೋ ಹೊಸ ಕ್ಯಾಂಪ್ ಹಾಕುತ್ತಿದೆಯಂತೆ, ಹಳಬರೇ ಬೇಕಂತೆ.

"ಈ ಸಲ ಎಲ್ಲ ಕ್ಯಾಂಪೂ ಬರ್ಬೇಕು. ಒಂದನ್ನೂ ಬಿಡ್ಬೇಡಿ. ಅದಕ್ಕೇ ಅವರು ತಗೊಳ್ಳುವುದು."

ಒಂದೊಂದಾಗಿ ಟೈಪ್ ಮಾಡಿದೆ. "ಯಾವ ದೇಶ?" ಎಂದು ಕೇಳಿದೆ.

"ಸಹಿ ಹಾಕಿದ ಮೇಲೆ ಹೇಳ್ತಾರಂತೆ. ಅವನಿಗೂ ಗೊತ್ತಿಲ್ಲ."

"ಮನೇಲಿ ಏನ್ ಹೇಳಿದ್ರಿ?" ಹೆಂಡತಿ ಕೇಳಿದಳು.

ಅವರು ಕವರಿನ ಬಾಯಿ ಮಡಚುತ್ತ, "ಅಬುಧಾಬಿ ಹೋಟೆಲು ಸಿಕ್ಕಿತು ಅಂತ ಹೇಳಿದ್ದೇನೆ ಅಕ್ಕ. ನಿಮ್ಮ ನಂಬರ್ ಕೊಟ್ಟಿದ್ದೇನೆ. ಅವಳು ಫೋನ್ ಮಾಡಿದ್ರೆ ಹೌದು ಅಂತ ಒಂದು ಮಾತು ಹೇಳಿದ್ರೆ ಆಯ್ತು" ಎಂದರು. ಬೇಡವೆನ್ನುವ ಮುಖ ನನಗೆಲ್ಲಿತ್ತು?

ಅವರು ಹೋದ ಮೂರನೆಯ ವಾರ ಆ ಫೋನು ಬಂತು. ನಾನು ಆಫೀಸಿನಲ್ಲಿದ್ದೆ. ಹೇಳಬೇಕಾದದ್ದನ್ನು ದಿನಾ ಅಭ್ಯಾಸ ಮಾಡಿಟ್ಟುಕೊಂಡಿದ್ದೆ: ದೊಡ್ಡ ಹೋಟೆಲಮ್ಮ, ಸಮುದ್ರದ ಪಕ್ಕ, ಊಟ ವಸತಿ ಎಲ್ಲ ಅವರದೇ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರ ಹೆಂಡತಿ ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು.

"ಹೋಟೆಲಿನಲ್ಲಿ ಇರುವವರು ವಾರಕ್ಕೆ ಒಮ್ಮೆ, ಹತ್ತು ನಿಮಿಷ ಮಾತ್ರ ಫೋನ್ ಮಾಡ್ತಾರಾ ಸರ್? ಹಿಂದೆ ಗುರ್ರ್ ಅಂತ ಜನರೇಟರ್ ಬೇರೆ. ನಿಜ ಹೇಳಿ, ಯಾವ ದೇಶ?"

"ಗೊತ್ತಿಲ್ಲಮ್ಮ. ನಿಜವಾಗಿ ಗೊತ್ತಿಲ್ಲ."

"ಹಾಗಾದ್ರೆ ಆಯ್ತು" ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅಮೆರಿಕದವರು ಮುಂದೆ ಎಲ್ಲಿಗೆ ಹೋಗ್ತಾರೆ ಅಂತ ಟಿವಿಯಲ್ಲಿ ಹೇಳ್ತಾರಲ್ಲ, ನೋಡ್ತೇನೆ."