ಧಾಪೋ ಹಾಕಿದ ಉಪ್ಪಿನಾಣೆ

ಜೀಂದ್ ಕಡೆಯ ನಮ್ಮ ಓಣಿಯಲ್ಲಿ ಧಾಪೋಳಂಥ ಬಾಯಿಬಡುಕಿ ಇನ್ನೊಬ್ಬಳಿರಲಿಲ್ಲ. ಎಮ್ಮೆಗೂ ಬೈಯುವಳು, ಸರಪಂಚನಿಗೂ ಬೈಯುವಳು. ಆದರೆ ಗಂಡನ ಅಣ್ಣ ರಿಸಾಲ್ ಸಿಂಗ್ ಕೆಮ್ಮಿದರೆ ಸಾಕು, ಮುಸುಕು ಎದೆಯವರೆಗೆ ಇಳಿದು ಬಾಯಿಗೆ ಬೀಗ ಬೀಳುತ್ತಿತ್ತು. ಗಂಡ ಸತ್ತ ಮೇಲೆ ಅವಳ ಮನೆಯ ರೊಟ್ಟಿ ಅವನ ಕೈಯಲ್ಲಿತ್ತು.

ಆ ಸಲದ ವಿಧಾನಸಭಾ ಚುನಾವಣೆಯಲ್ಲಿ ಬಲವಾನ್, ಸೂರತ್ ಸಿಂಗ್, ಸರೋಜ್ ಮೂವರಿಗೂ ಜಿದ್ದಾಜಿದ್ದಿ. ಸರೋಜ್ ಪಕ್ಕದೂರಿನ ಕಬಡ್ಡಿ ಆಟಗಾರ್ತಿ. ಕಾಲೇಜಿನ ಹುಡುಗಿಯರಿಗೇ ಒಂದು ಬಸ್ಸು ಬಿಡಿಸುತ್ತೇನೆ ಎಂದಿದ್ದಳು. ಧಾಪೋಳ ಮಗಳು ಅಂತಿಮ್ ಹನ್ನೆರಡನೇ ಕ್ಲಾಸು ಪಾಸಾಗಿ ಕೂತಿದ್ದಳು. ದಾರಿಯಲ್ಲಿ ಪುಂಡರ ಕಾಟ. ಬಸ್ಸಿಲ್ಲದಿದ್ದರೆ ಕಾಲೇಜಿಲ್ಲ, ಮದುವೆಯೇ ಎಂದು ದೊಡ್ಡಪ್ಪ ಹೇಳಿಯಾಗಿತ್ತು.

“ಈ ಸಲ ನನ್ನ ವೋಟು ನಂದೇ ಅಕ್ಕ,” ಎಂದು ಧಾಪೋ ಬೆರಣಿ ತಟ್ಟುತ್ತ ನನಗೆ ಹೇಳಿದಳು. “ಸರೋಜ್‌ಗೇ ಒತ್ತೋದು. ಆ ಮುದುಕ ಒಳಗೆ ಬಂದು ನೋಡ್ತಾನಾ?”

ಮತದಾನದ ಹಿಂದಿನ ಸಂಜೆ ರಿಸಾಲ್ ಸಿಂಗ್ ನಮ್ಮ ಕುಲದ ಹೆಂಗಸರನ್ನೆಲ್ಲ ಅಂಗಳಕ್ಕೆ ಕರೆಸಿದ. ತಂಬಿಗೆ ತುಂಬ ನೀರು, ಪಕ್ಕದಲ್ಲಿ ಉಪ್ಪು. ಒಬ್ಬೊಬ್ಬರೂ ಚಿಟಿಕೆ ಉಪ್ಪು ಹಾಕಿ, ಬಲವಾನನಿಗೇ ವೋಟು ಎನ್ನಬೇಕು. ತಪ್ಪಿದರೆ ಸಂತಾನ ಉಪ್ಪಿನ ಹಾಗೆ ಕರಗಿಹೋಗುತ್ತದೆ. ನನಗೋ ಕರಗಲು ಸಂತಾನವೇ ಇಲ್ಲ, ಧೈರ್ಯವಾಗಿ ಹಾಕಿದೆ. ಧಾಪೋಳ ಸರದಿ ಬಂದಾಗ ಅವಳ ಒಬ್ಬನೇ ಮಗನನ್ನು ತಂಬಿಗೆಯ ಪಕ್ಕ ನಿಲ್ಲಿಸಿದ, ಪಾಪಿ.

ಬೆಳಿಗ್ಗೆ ವೋಟಿನ ಸಾಲಿನಲ್ಲಿ ನಾನಂದೆ, “ಉಪ್ಪು ಗಿಪ್ಪು ಬಿಡೇ. ಮಿಷನ್ನಿಗೆ ಏನು ಗೊತ್ತು?”

“ಮಿಷನ್ನಿಗೆ ಗೊತ್ತಿಲ್ಲ ಅಕ್ಕ. ಉಪ್ಪಿಗೆ ಗೊತ್ತು.”

ಒಳಗಿಂದ ಬಂದವಳ ಮುಸುಕು ಒದ್ದೆಯಾಗಿತ್ತು. ಬಲವಾನನಿಗೇ ಒತ್ತಿದ್ದಳು. ಮಗಳಿಗೆ ಮಾತ್ರ ಹೇಳಬೇಡ ಎಂದು ನನ್ನ ಕೈ ಹಿಡಿದಳು.

ಸರೋಜ್ ಕೂದಲೆಳೆಯಲ್ಲಿ ಸೋತಳು. ಬಲವಾನನ ಠೇವಣಿಯೂ ಹೋಯಿತು. ಗೆದ್ದ ಸೂರತ್ ಸಿಂಗ್‌ನ ಮೆರವಣಿಗೆಯ ಮುಂದೆ ಗುಲಾಲು ಬಳಿದುಕೊಂಡು ಕುಣಿಯುತ್ತಿದ್ದವನು ಯಾರು? ನಮ್ಮ ರಿಸಾಲ್ ಸಿಂಗ್! ಮತದಾನದ ದಿನ ಬೆಳಗಾಗುವಷ್ಟರಲ್ಲಿ ಗಂಡಸರೆಲ್ಲ ಹುಕ್ಕಾದ ಸುತ್ತ ಕೂತು ಆ ಕಡೆಗೆ ತಿರುಗಿದ್ದರಂತೆ. ಥೂ, ಇವರ ಮೀಸೆಗಿಷ್ಟು!

ಅವನು ಮನೆಗೆ ಬಂದಾಗ ಧಾಪೋ ಜನ್ಮದಲ್ಲೇ ಮೊದಲ ಸಲ ಭಾವನೆದುರು ಬಾಯಿಬಿಟ್ಟಳು. “ಮತ್ತೆ ನಮ್ಮ ಕೈಲಿ ಆಣೆ ಹಾಕಿಸಿದ್ದು?”

“ಅಯ್ಯೋ, ನಿಮಗೆ ಹೇಳೋದೇ ಮರೆತುಹೋಯ್ತು ನೋಡು,” ಎಂದು ಅವನು ನಕ್ಕ.

ಬಾಗಿಲಲ್ಲಿ ನಿಂತ ಅಂತಿಮ್‌ಗೆ ಎಲ್ಲ ಕೇಳಿಸಿತು. “ಅಮ್ಮ, ನೀನೂನಾ?” ಎಂದಳು, ಅಷ್ಟೇ.

ಚಳಿಗಾಲದಲ್ಲೇ ಮದುವೆಯಾಯಿತು. ಕಳಿಸಿಕೊಡುವಾಗ ಮಗಳು ತಾಯಿಯ ಕೊರಳಿಗೆ ಬಿದ್ದು ಅಳುವುದು ನಮ್ಮಲ್ಲಿ ವಾಡಿಕೆ. ಧಾಪೋ ಎರಡೂ ಕೈ ಚಾಚಿ ನಿಂತಿದ್ದಳು. ಅಂತಿಮ್ ನನ್ನ ಕೊರಳು ತಬ್ಬಿ ಅತ್ತು, ತಾಯಿಯನ್ನು ದಾಟಿ ಹೋಗಿ ಗಾಡಿ ಹತ್ತಿದಳು.