ಮೂಟೆ ಬಿಚ್ಚದೆ ಹುಡುಕಿದ ತೂತು

ತಿರುಪ್ಪೂರಿನ ಒಂದು ಬನಿಯನ್ ಕಂಪನಿಗೆ ನಾನು ಸೂಪರ್‌ವೈಸರ್ ಆಗಿ ಸೇರಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಕೊಯಮತ್ತೂರಿನಲ್ಲಿ ಡಿಪ್ಲೊಮಾ ಮುಗಿಸಿದ್ದೆ. ಮುಗಿಸಿದ್ದೆ ಅನ್ನುವುದಕ್ಕಿಂತ, ಅದೇ ಪರೀಕ್ಷೆಯನ್ನು ನಾಲ್ಕು ಸಲ ಬರೆದು ಮೇಷ್ಟ್ರುಗಳಿಗೆ ಬೇಜಾರು ಹುಟ್ಟಿಸಿ ಹೊರಬಂದಿದ್ದೆ. ಜೇಬಿನಲ್ಲಿ ಎರಡು ಪೆನ್ನು, ಒಂದು ಭೂತಗನ್ನಡಿ. ಇಡೀ ಕಂಪನಿಯಲ್ಲಿ ಭೂತಗನ್ನಡಿ ಇದ್ದವನು ನಾನೊಬ್ಬನೇ. ಅದರಲ್ಲಿ ಏನು ನೋಡಬೇಕೆಂದು ಗೊತ್ತಿಲ್ಲದವನೂ ನಾನೊಬ್ಬನೇ.

ಮೊದಲಾಳಿ, ಅಂದರೆ ಯಜಮಾನರು, ನಮ್ಮವರೇ. ಅಪ್ಪನ ಕಾಲದವರೆಗೆ ಹತ್ತಿ ಬೆಳೆಯುತ್ತಿದ್ದ ಕನ್ನಡದ ಮನೆ. ಮನೆಯಲ್ಲಿ ಕನ್ನಡ, ಕಂಪನಿಯಲ್ಲಿ ತಮಿಳು, ಕೋಪ ಬಂದರೆ ಎರಡೂ. ಹೆಣಿಗೆ ಯಂತ್ರಗಳ ಮೇಸ್ತ್ರಿಯೂ ನಮ್ಮವರೇ. ಐವತ್ತು ದಾಟಿತ್ತು. ಗುಂಡಗೆ ತಿರುಗುವ ಯಂತ್ರದ ನೂರಾರು ಸೂಜಿಗಳಲ್ಲಿ ಒಂದು ಸೊಟ್ಟಗಾದರೂ ಸದ್ದು ಕೇಳಿಯೇ ಹೇಳುತ್ತಿದ್ದರು. ಕಣ್ಣು ಮಾತ್ರ ಮಂಜಾಗುತ್ತಿತ್ತು. ಇಲ್ಲಿ ಕೆಲಸ ಹೋದರೆ ಬೇರೆ ಯಾವ ಕಂಪನಿಯೂ ಸೇರಿಸಿಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಒಂದು ದಿನ ಕಲ್ಕತ್ತೆಯ ವ್ಯಾಪಾರಿಯ ಕಾಗದ ಬಂತು. ಒಂದೇ ಸಾಲು: ಬನಿಯನ್‌ಗಳಲ್ಲಿ ತೂತು, ಮಾಲು ವಾಪಸು ಕಳಿಸಿದ್ದೇವೆ. ಹಿಂದೆಯೇ ಮೂರು ಗೋಣಿ ಮೂಟೆಗಳು ರೈಲಿನಲ್ಲಿ ಬಂದು ಗೋದಾಮಿನ ಮೂಲೆಯಲ್ಲಿ ಕೂತವು. ಬಿಚ್ಚೋಣವೆಂದು ಮೇಸ್ತ್ರಿ ಕತ್ತರಿ ತಂದರು. ಮೊದಲಾಳಿ ಹೌಹಾರಿದರು.

“ಕೈ ಹಾಕ್ಬೇಡಿ! ತಿರ್ಗಿ ಬಂದ ಮೂಟೇಲಿ ದೃಷ್ಟಿ ಕೂತಿರ್ತದೆ. ಅಮಾಸೆ ದಿನ ಬೂದುಗುಂಬಳಕಾಯಿ ಒಡ್ದು, ಅಪ್ಪುರಂ ಬಿಚ್ಚಾಣ.”

“ಅಮಾಸೆಗೆ ಇನ್ನೂ ಹನ್ನೊಂದ್ ದಿನ ಐತೇಂಗ. ಅಲ್ಲೀವರ್ಗು?” ಎಂದರು ಮೇಸ್ತ್ರಿ, ತಮಿಳಿನ ಮರ್ಯಾದೆಯ ‘ಏಂಗ’ ಸೇರಿಸಿ.

“ಅಲ್ಲೀವರ್ಗೂ ಕಾರಣ ಹುಡ್ಕಿ. ನಮ್ ತಂಬಿ ಓದ್ದೋನು, ಹುಡುಕ್ತಾನೆ.”

ಓದಿದ ತಮ್ಮ ಎದೆ ಉಬ್ಬಿಸಿದ. ಆ ಹೊತ್ತಿನಲ್ಲಿ ನನ್ನ ಬನಿಯನ್ನಿಗೆ ತೂತು ಬೀಳದಿದ್ದದ್ದೇ ಹೆಚ್ಚು.

ಮೊದಲ ದಿನವೇ ಒಂದು ಕಪ್ಪುಹಲಗೆ ತಂದು ಕಾರಣಗಳನ್ನು ಬರೆದೆ. ಸೂಜಿ, ಬ್ಲೀಚಿಂಗ್ ಪುಡಿ, ಇಲಿ, ಜಿರಳೆ, ನೊಯ್ಯಲ್ ಹೊಳೆಯ ನೀರು, ಪಾಲ್ಘಾಟ್ ಕಡೆಯ ಗಾಳಿ. ಕೊನೆಗೆ ಚೆಕಿಂಗ್ ಮೇಜಿನ ಹೆಂಗಸರ ಬಳೆ. ಬಳೆ ಬರೆದದ್ದಕ್ಕೆ ಚೆಕಿಂಗಿನ ಅಕ್ಕ ಎರಡು ದಿನ ನನಗೆ ಟೀ ಕೊಡಲಿಲ್ಲ. ಮೂರನೆಯ ದಿನ ನಾನು ಭೂತಗನ್ನಡಿ ಹಿಡಿದು ಯಂತ್ರದ ಮೇಲೆ ಬಗ್ಗಿದ್ದಾಗ ಬಂದು ನಿಂತಳು. ಚಿಕ್ಕವರನ್ನೆಲ್ಲ ಅವಳು ತಮಿಳಿನ ಮುದ್ದಿನಲ್ಲಿ ಕಣ್ಣು ಎಂದೇ ಕರೆಯುತ್ತಿದ್ದಳು.

“ಏನ್ ಕಣ್ಣು, ಸೂಜಿ ಎಣಿಸ್ತಿದೀಯಾ, ಇಲ್ಲಾ ಪೇನ್ ನೋಡ್ತಿದೀಯಾ?”

ಉತ್ತರ ಕೊಡಲು ತಿರುಗಿದೆ. ಯಂತ್ರ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿತು. ಅಕ್ಕ ಕತ್ತರಿಸಿ ಬಿಡಿಸದಿದ್ದರೆ ಅಳತೆ ಎಂಬತ್ತೈದರ ಬನಿಯನ್ ಆಗಿ ನಾನೂ ಕಲ್ಕತ್ತೆಗೆ ಹೋಗುತ್ತಿದ್ದೆ.

ಮೇಸ್ತ್ರಿ ಮಾತ್ರ ನಗಲಿಲ್ಲ. ನನ್ನ ಹಲಗೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು.

“ತಂಬಿ, ತೂತು ಎಲ್ಲೈತೆ?”

“ಬನಿಯನ್ನಾಗೇ ಮೇಸ್ತ್ರಿ.”

“ಬನಿಯನ್ನಾಗೆ ಎಲ್ಲಿ? ಎಂತಾ ತೂತು?”

“ತೂತು ಅಂದ್ರೆ ತೂತೇಂಗ. ಅದ್ರಲ್ಲೂ ಜಾತಿ ಉಂಟಾ?”

“ಉಂಟು ಸಾಮಿ. ಸೂಜಿ ಮಾಡಿದ್ದು ಏಣಿ ತರ ಕೆಳ್ಗೆ ಓಡ್ತದೆ. ಬ್ಲೀಚು ಮಾಡಿದ್ದು ಹುಳ ತಿಂದ್ಹಂಗೆ ಇರ್ತದೆ. ಯಾವ ತೂತು, ಎಲ್ಲೈತೆ, ಎಷ್ಟೈತೆ, ಅದು ಮೊದ್ಲು ಗೊತ್ತಾಗ್ಲಿ. ಯಾಕೆ ಅನ್ನೋದು ಅಪ್ಪುರಂ. ಮೊದಲಾಳಿ ಕಾಲಿಗ್ ಬಿದ್ದು ಒಂದ್ ಮೂಟೆ ಬಿಚ್ಸು.”

ಓದಿದವನು ಯಾರು, ಅವರೋ ನಾನೋ? ನಾನು ಕಾಲಿಗೆ ಬೀಳಲಿಲ್ಲ. ಅಮಾವಾಸ್ಯೆಗೆ ಮುಂಚೆ ಕಾರಣ ಹಿಡಿದುಬಿಟ್ಟರೆ ಮೊದಲಾಳಿಯ ಎದುರು ನನ್ನ ಭೂತಗನ್ನಡಿಗೆ ಬೆಲೆ ಬರುತ್ತದೆ ಎಂಬ ಆಸೆ ನನಗೆ. ಹತ್ತನೆಯ ದಿನ ಮೇಸ್ತ್ರಿಯ ಮೂರನೇ ಯಂತ್ರದಲ್ಲಿ ಒಂದು ಸೊಟ್ಟ ಸೂಜಿ ಸಿಕ್ಕಿತು. ಯಾವ ಯಂತ್ರದಲ್ಲಿ ಯಾವತ್ತು ಹುಡುಕಿದರೂ ಒಂದು ಸೊಟ್ಟ ಸೂಜಿ ಸಿಗುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಅವತ್ತು ಮಾತ್ರ ನಿಧಿ ಸಿಕ್ಕವನ ಹಾಗೆ ಓಡಿದೆ. ಎರಡು ಪುಟ ಇಂಗ್ಲಿಷಿನಲ್ಲಿ ಬರೆದೆ. ಅದರಲ್ಲಿದ್ದ ಕಾಗುಣಿತದ ತಪ್ಪುಗಳನ್ನು ಸರಿಪಡಿಸಲು ಇನ್ನೆರಡು ಪುಟ ಬೇಕಾಗುತ್ತಿತ್ತು.

ಮೊದಲಾಳಿ ಮೇಸ್ತ್ರಿಯನ್ನು ಕರೆಸಿದರು.

“ಕಣ್ ಕಾಣಲ್ಲ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಮಾಮ?”

“ಮೂಟೆ ಬಿಚ್ಚಿದ್ರೇಂಗ?” ಎಂದರು ಮೇಸ್ತ್ರಿ.

ಬಿಚ್ಚಿರಲಿಲ್ಲ. ಆದರೂ ಸಂಜೆಯೊಳಗೆ ಅವರು ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಮಾರನೆಯ ಬೆಳಿಗ್ಗೆ ಟೀ ಅಂಗಡಿಗಳಲ್ಲಿ ಅವರಿಗೆ ತೂತು ಮೇಸ್ತ್ರಿ ಎಂದು ಹೆಸರಾಗಿತ್ತು. ತಿರುಪ್ಪೂರಿನಲ್ಲಿ ನೂಲಿಗಿಂತ ಉದ್ದ ಓಡುವುದು ಮಾತು.

ಅವತ್ತೇ ಅಮಾವಾಸ್ಯೆ. ಕರ್ಪೂರ ಹಚ್ಚಿ, ಕುಂಕುಮ ತುಂಬಿದ ಕುಂಬಳಕಾಯಿ ಒಡೆದು, ಮೂಟೆ ಬಿಚ್ಚಿದೆವು. ಅಕ್ಕ ಒಂದು ಡಜನ್ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದಳು. ತೂತುಗಳು ದುಂಡಗಿದ್ದವು. ಏಣಿಯೂ ಇಲ್ಲ, ತಿಂದ ಗುರುತೂ ಇಲ್ಲ. ಎಲ್ಲವೂ ಮಡಿಕೆಯ ಅಂಚಿನಲ್ಲಿ, ಒಂದರ ಕೆಳಗೆ ಒಂದು, ಐದಾರು ಬನಿಯನ್ ದಾಟಿ ನೆಟ್ಟಗೆ ಹೋಗಿದ್ದವು. ಮೂಟೆಯ ಒಳಗಡೆ ಒಂದೂ ಇಲ್ಲ, ಗೋಣಿಗೆ ತಾಗಿದ ಕಡೆ ಮಾತ್ರ.

“ಇದು ಗೋಣಿ ಹೊಲಿಯೋ ದಬ್ಬಳ, ಕಣ್ಣು,” ಎಂದಳು ಅಕ್ಕ.

ಮೊದಲೆಲ್ಲ ಗೋಣಿಗೂ ಮಾಲಿಗೂ ನಡುವೆ ಕಟಿಂಗ್ ವೇಸ್ಟ್ ಬಟ್ಟೆಯನ್ನು ಒಂದು ಗೇಣು ದಪ್ಪ ತುಂಬುತ್ತಿದ್ದರು. ದಬ್ಬಳ ಅದಕ್ಕೆ ಚುಚ್ಚಿ ಹಿಂದೆ ಬರುತ್ತಿತ್ತು. ಚಿಂದಿ ತುಂಬಿದ ಮೂಟೆ ನೋಡಲು ಅಸಹ್ಯ ಎಂದು ಅದನ್ನು ನಿಲ್ಲಿಸಿದವನು, ಕಂಪನಿಗೆ ಸೇರಿದ ವಾರದಲ್ಲೇ ಸುಧಾರಣೆ ಶುರುಮಾಡಿದ ಒಬ್ಬ ಮಹಾನುಭಾವ. ಅವನ ಜೇಬಿನಲ್ಲಿ ಎರಡು ಪೆನ್ನು ಇರುತ್ತಿದ್ದವು.

ಮೊದಲಾಳಿಯ ಎದುರು ನಿಂತು ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಮುಚ್ಚಿದರು.

“ಹೇಳ್ಬುಟ್ಯಲ್ಲಾ, ಸಾಕು. ಮೇಸ್ತ್ರಿನ ತಪ್ಪಾಗಿ ಕಳ್ಸಿದೆ ಅಂತ ನಾನು ಬೀದೀಲಿ ಡೋಲು ಬಡೀಲಾ? ಹೊಸಬ ನಾಳೆ ಬತ್ತಾನೆ. ನೀನ್ ಬಾಯ್ ಮುಚ್ಕೊಂಡು ವೇಸ್ಟ್ ತುಂಬ್ಸು.”

ನನ್ನ ಬಾಯಿ ಹುಟ್ಟಿದಾಗಿನಿಂದ ಮುಚ್ಚಿದ್ದೇ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅವತ್ತು ಮುಚ್ಚಿತು. ವೇಸ್ಟ್ ತುಂಬಿಸಿದೆ. ತೂತು ನಿಂತಿತು. ಹಳೇ ಮೇಸ್ತ್ರಿ ಹೋದರು, ತೂತೂ ಹೋಯಿತು ಎಂದು ಎಲ್ಲರೂ ಹೇಳಿದರು. ನನ್ನ ಎರಡು ಪುಟದ ವರದಿ ನಿಜವೆಂದು ಸಾಬೀತಾಗಿಬಿಟ್ಟಿತು. ಆಯುಧಪೂಜೆಯ ದಿನ ಮೊದಲಾಳಿ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಕಿರಿದೆ.

ಎರಡು ತಿಂಗಳ ಮೇಲೆ ಕಾಂಗೇಯಕ್ಕೆ ಬಸ್ಸು ಹತ್ತಿದೆ. ಮೇಸ್ತ್ರಿ ಅಲ್ಲಿನ ಒಂದು ಎಣ್ಣೆ ಮಿಲ್ಲಿನ ಅಂಗಳದಲ್ಲಿ ಕೊಬ್ಬರಿ ಒಣಗಿಸುತ್ತಿದ್ದರು. ಸಾಲು ಸಾಲು ಹೋಳುಗಳನ್ನು ಬಿಸಿಲಿಗೆ ತಿರುಗಿಸಿಡುವ ಕೆಲಸ. ಕಣ್ಣಿಗೆ ಕೆಲಸವಿಲ್ಲ, ಕೈಗೆ ಸಾಕು. ನನ್ನನ್ನು ದನಿಯಿಂದ ಗುರುತಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ದಬ್ಬಳ, ವೇಸ್ಟು, ನಾನೇ, ಎಂದು ಉಲ್ಟಾಪಲ್ಟಾ ಒದರಿದೆ.

ಅವರು ಬಯ್ಯಲಿಲ್ಲ.

“ಎಷ್ಟ್ ಪೀಸು ದಾಟಿತ್ತು?”

“ಐದಾರು.”

“ಮಡಿಕೆ ಅಂಚಲ್ಲೇ?”

“ಅಂಚಲ್ಲೇ.”

“ನಾನೂ ನಂಬ್ಬುಟ್ಟಿದ್ದೆ ತಂಬಿ, ನನ್ ಕಣ್ಣೇ ಮಾಡಿದ್ದು ಅಂತ. ಕಿವಿನೂ ಹೋಯ್ತೇನೋ ಅಂತ. ರಿಪೇರಿ ಸಾಮಾನೆಲ್ಲಾ ಯಾರ್ಗೋ ಕೊಟ್ಬುಟ್ಟೆ.”

“ಮೊದಲಾಳಿ ಹತ್ರ ಇನ್ನೊಂದ್ ಸಲ ಕೇಳ್ತೀನಿ ಮೇಸ್ತ್ರಿ.”

“ಕೇಳಲ್ಲ ನೀನು,” ಎಂದರು. ಬೇಜಾರಿಲ್ಲದ ದನಿ. ಬಿಸಿಲು ಜೋರಾಗಿದೆ ಎನ್ನುವ ಹಾಗೆ.

ಕೇಳಲಿಲ್ಲ ನಾನು. ಅವತ್ತು ಬಸ್ಸಿಗೆ ಇನ್ನೂ ಹೊತ್ತಿತ್ತು. ಏನಾದರೂ ಮಾಡಬೇಕೆಂದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ಕೊಬ್ಬರಿಯ ಒಂದು ಸಾಲು ತಿರುಗಿಸಿದೆ. ತಿರುಗಿಸಬಾರದ ಸಾಲು ಅದು, ಬೆಳಿಗ್ಗೆಯೇ ತಿರುಗಿಸಿ ಆಗಿತ್ತು. ಮೇಸ್ತ್ರಿ ಕೈಯಿಂದ ತಡವಿ ನೋಡಿ, ಒಂದೊಂದಾಗಿ ಮತ್ತೆ ಮಗುಚಿಡತೊಡಗಿದರು.